ರುಮಾಲಿನ ಅಕ್ಷರ, ಜುಟ್ಟಿನ ಅಕ್ಷರ

13 ಜೂನ್ 2024, ಗುರುವಾರ

ಬೇಸಿಗೆ ರಜೆ ಮುಗಿದು ಇವತ್ತು ಶಾಲೆ ತೆರೆಯಿತು. ಬೀಗ ತೆಗೆದ ಕೂಡಲೇ ಒಳಗಿನ ಬಿಸಿ ಮುಖಕ್ಕೆ ಬಡಿಯಿತು. ಕರಿಹಲಗೆಯ ಮೇಲೆ ಏಪ್ರಿಲ್ 23ರ ತಾರೀಖು ಹಾಗೇ ಇತ್ತು. ಐದನೇ ತರಗತಿಯ ಹುಡುಗರು ಹೋಗುವಾಗ ಅದರ ಕೆಳಗೆ ಒಂದು ಹೂವಿನ ಕುಂಡ ಬಿಡಿಸಿದ್ದರು. ಅಳಿಸಲು ಮನಸ್ಸಾಗದೆ ತಾರೀಖು ಮಾತ್ರ ಒರೆಸಿ ಹೊಸದು ಬರೆದೆ.

ದಾಖಲಾತಿ 61. ಬಂದವರು 23. ಉಳಿದವರು ಹೊಲದಲ್ಲಿದ್ದಾರೆ. ಮೊದಲ ಮಳೆ ಬಿದ್ದು ನೆಲ ಹದವಾಗಿದೆ, ಹತ್ತಿ ಬೀಜ ಊರುವ ಕಾಲ. ಸಣ್ಣ ಕೈಗಳಿಗೆ ಬೀಜ ಊರುವುದು ಸಲೀಸು ಅಂತ ದೊಡ್ಡವರು ಹೇಳುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ. ಹೆಡ್ಮಾಸ್ಟರ್ ಸಾರ್ ಮತ್ತು ನಾನು, ಐದು ತರಗತಿಗೆ ಇಬ್ಬರೇ. ಸಾಯಂಕಾಲ ಇಬ್ಬರೂ ಎರಡು ಓಣಿ ಹಂಚಿಕೊಂಡು ಮನೆಮನೆಗೆ ಹೋಗಿಬಂದೆವು. "ಸೋಮವಾರ ಕಳಿಸ್ತೀವಿ ಟೀಚರಮ್ಮ, ಇನ್ನೊಂದು ಮಡಿ ಐತಿ" ಎಂದರು. ಕಳಿಸುತ್ತಾರೆ. ಈ ಊರಿನವರು ಮಾತು ಕೊಟ್ಟರೆ ತಪ್ಪುವವರಲ್ಲ.

ಪುಸ್ತಕಗಳು ಬಂದಿವೆ, ಕನ್ನಡದ್ದು ಇನ್ನೂ ಬಂದಿಲ್ಲ. ಅವು ಬರುವ ತನಕ ಕಾಯುತ್ತ ಕೂರಲಾಗದು. ಹೋದ ವರ್ಷ ಪಾಸಾದವರ ಮನೆಗಳಿಂದ ಹಳೆಯ ಪುಸ್ತಕ ಕೂಡಿಸಿದೆ. ಹದಿನಾಲ್ಕು ಸಿಕ್ಕವು. ಒಂದಕ್ಕೆ ಅರಿಶಿನದ ಕಲೆ, ಇನ್ನೊಂದರ ಮಧ್ಯೆ ನವಿಲುಗರಿ.

21 ಜೂನ್, ಶುಕ್ರವಾರ

ನಮ್ಮೂರ ಕಟ್ಟೆಯ ಹತ್ತಿರ ದಿನಾ ಎರಡು ರಾಜ್ಯದ ಬಸ್ಸು ನಿಲ್ಲುತ್ತವೆ. ಆದವಾನಿ ಡಿಪೋದ ಬಸ್ಸಿಗೆ ತೆಲುಗು ಬೋರ್ಡು, ಸಿರುಗುಪ್ಪದ ಕಡೆಯಿಂದ ಬರುವುದಕ್ಕೆ ಕನ್ನಡ ಬೋರ್ಡು. ಮಕ್ಕಳು ಬಣ್ಣ ನೋಡಿ ಬಸ್ಸು ಗುರುತಿಸುತ್ತಾರೆ, ಓದುವುದಿಲ್ಲ. ಇವತ್ತು ಅದನ್ನೇ ಪಾಠ ಮಾಡಿದೆ. ಹಲಗೆಯ ಒಂದು ಕಡೆ ಕನ್ನಡದ ಕ, ಇನ್ನೊಂದು ಕಡೆ ತೆಲುಗಿನ ಕ. ಏನು ಫರಕು, ಹೇಳ್ರಿ ಅಂದೆ.

ಯಾರೂ ಬಾಯಿ ಬಿಡಲಿಲ್ಲ. ಹೊಟ್ಟೆ ಒಂದೇ, ಕೆಳಗಿನ ಸುತ್ತು ಒಂದೇ. ಕೊನೆಗೆ ನಾಲ್ಕನೇ ತರಗತಿಯ ಒಬ್ಬ ಹುಡುಗಿ ಎದ್ದು ಬಂದು ಎರಡು ಅಕ್ಷರಗಳ ನೆತ್ತಿ ಮುಟ್ಟಿ ನೋಡಿದಳು. ಬೆರಳಿಗೆ ಸುಣ್ಣ ಮೆತ್ತಿತು. "ಕನ್ನಡದ್ದು ರುಮಾಲು ಸುತ್ಕೊಂಡೈತ್ರಿ ಟೀಚರ್. ತೆಲುಗಿಂದು ಜುಟ್ಟು ಬಿಟ್ಕೊಂಡೈತಿ."

ಮೂವತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ತಲೆಕಟ್ಟು ಎಂಬ ಶಬ್ದವನ್ನು ಸಾವಿರ ಸಲ ಬಾಯಲ್ಲಿ ಆಡಿದ್ದೇನೆ. ತಲೆಗೆ ಕಟ್ಟಿದ್ದು ಎಂಬ ಅರ್ಥ ಅದರಲ್ಲೇ ಕೂತಿರುವುದು ಈ ಮಗುವಿನ ಬೆರಳಿನಿಂದ ತಿಳಿಯಿತು. ಕನ್ನಡದಲ್ಲಿ ಆ ಗೆರೆ ಮಲಗಿ ಬಲಕ್ಕೆ ಬಾಗುತ್ತದೆ, ರುಮಾಲಿನ ಸೆರಗು ಇಳಿಬಿಟ್ಟ ಹಾಗೆ. ತೆಲುಗಿನಲ್ಲಿ ಅದು ಮೇಲಕ್ಕೆ ಚಿಮ್ಮಿ ನಿಲ್ಲುತ್ತದೆ. ಎರಡೂ ಒಂದೇ ಬೇರಿನ ಲಿಪಿಗಳು, ಚಾಲುಕ್ಯರ ಕಾಲದ ಕಲ್ಲಿನ ಮೇಲೆ ಇವೆರಡು ಬೇರೆ ಆಗಿರಲಿಲ್ಲ ಎಂದು ಹೇಳಿದೆ. "ಅಣ್ತಮ್ಮರು ಬ್ಯಾರೆ ಆದಂಗೆ" ಎಂದು ಹಿಂದಿನ ಸಾಲಿನಿಂದ ಒಬ್ಬ ಅಂದ.

ಮಧ್ಯಾಹ್ನದ ಹೊತ್ತಿಗೆ ಮಕ್ಕಳೆಲ್ಲ ಬಸ್ಸಿನ ಬೋರ್ಡು ಓದಲು ಕಟ್ಟೆಗೆ ಓಡುತ್ತಿದ್ದರು. ಆ ಹುಡುಗಿಯ ಹೆಸರನ್ನು ಈ ಪುಸ್ತಕದಲ್ಲಿ ಬರೆಯುವುದಿಲ್ಲ. ರುಮಾಲಿನ ಹುಡುಗಿ ಎಂದರೆ ನನಗೆ ಸಾಕು.

5 ಜುಲೈ, ಶುಕ್ರವಾರ. ಮಣ್ಣೆತ್ತಿನ ಅಮಾವಾಸ್ಯೆ

ಮಕ್ಕಳು ಬೆಳಿಗ್ಗೆಯೇ ಎರೆಮಣ್ಣು ಹೊತ್ತು ತಂದಿದ್ದರು. ವರಾಂಡದ ತುಂಬ ಎತ್ತುಗಳು. ಕೊಂಬಿಗೆ ಜೋಳದ ದಂಟಿನ ಚೂರು, ಕಣ್ಣಿಗೆ ಗುಲಗಂಜಿ. ಎರಡನೇ ತರಗತಿಯವನೊಬ್ಬ ಎತ್ತಿನ ಜೊತೆಗೆ ಟ್ರ್ಯಾಕ್ಟರನ್ನೂ ಮಾಡಿದ್ದ. ಅಡುಗೆಯ ಅಕ್ಕ ಅದಕ್ಕೂ ಕುಂಕುಮ ಹಚ್ಚಿದಳು.

ಈ ಗದ್ದಲದ ನಡುವೆ ಒಂದನೇ ತರಗತಿಯ ಹುಡುಗನೊಬ್ಬ ಮೂಲೆಯಲ್ಲಿ ಸ್ಲೇಟು ಹಿಡಿದು ಕೂತಿದ್ದ. ಅ ಆ ಇ ಈ ಎಂದು ಎಡದಿಂದ ಬಲಕ್ಕೆ ಬರೆದಿದ್ದಾನೆ. ಸ್ಲೇಟಿನ ಅಂಚು ಬಂದಿದೆ. ಅಲ್ಲಿಂದ ಕೆಳಗಿಳಿದು ಉ ಊ ಎಂದು ಬಲದಿಂದ ಎಡಕ್ಕೆ ಬರೆದುಕೊಂಡು ಬಂದಿದ್ದಾನೆ. ಯಾಕಪ್ಪಾ ಹಿಂಗೆ ಅಂದರೆ, "ಎತ್ತು ಹಂಗ ತಿರುಗ್ತಾವಲ್ರಿ" ಎಂದ. ಅವರಪ್ಪ ಗಳೇ ಹೊಡೆಯುವಾಗ ಸಾಲಿನ ಕೊನೆಗೆ ಎತ್ತು ತಿರುಗಿಸುವುದನ್ನು ನೋಡಿದ ಕಣ್ಣು ಅದು. ಸಾಲು ಮುಗಿದ ಮೇಲೆ ಯಾವ ಎತ್ತೂ ಖಾಲಿ ನಡೆದು ಮೊದಲಿನ ಬದುವಿಗೆ ಬರುವುದಿಲ್ಲ.

ನನಗೆ ಎರ್ರಗುಡಿಯ ಬಂಡೆ ನೆನಪಾಯಿತು. ಗುತ್ತಿಯಿಂದ ಪತ್ತಿಕೊಂಡಕ್ಕೆ ಬರುವ ದಾರಿಯಲ್ಲಿದೆ, ನಮ್ಮದೇ ಕರ್ನೂಲು ಜಿಲ್ಲೆ. ಅಲ್ಲಿ ಅಶೋಕನ ಶಾಸನಗಳಿವೆ. ಅದರಲ್ಲೊಂದು ಶಾಸನದ ಕೆಲವು ಸಾಲು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ ಓಡುತ್ತವೆ. ಟ್ರೇನಿಂಗ್ ಓದುವಾಗ ನಾವು ನೋಡಲು ಹೋಗಿದ್ದೆವು. ಎರಡು ಸಾವಿರದ ಇನ್ನೂರು ವರ್ಷದ ಹಿಂದೆ ಆ ಬಂಡೆ ಕೆತ್ತಿದವನ ಕೈಯೂ ಈ ಹುಡುಗನ ಕೈಯೂ ಒಂದೇ ರೀತಿ ತಿರುಗಿವೆ! ಗಡಿಯ ಆಚೆ, ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳದಲ್ಲೂ ಅಶೋಕನ ಬಂಡೆಗಳಿವೆ. ಹಾಗಾದರೆ ನಮ್ಮ ಮಕ್ಕಳು ಓದು ಬರಹದ ನಾಡಿನ ನಟ್ಟನಡುವೆ ಹುಟ್ಟಿದವರು. ಹಿಂದುಳಿದ ಪ್ರದೇಶ ಎಂಬ ಮಾತನ್ನು ಪ್ರತಿ ಮೀಟಿಂಗಿನಲ್ಲಿ ಕೇಳಿ ಕೇಳಿ ನಾವೂ ಅದನ್ನು ನಂಬಿಬಿಡುತ್ತೇವೆ. ನಂಬಬಾರದು.

ಹುಡುಗನ ಸ್ಲೇಟು ಅಳಿಸಲಿಲ್ಲ. ಪಕ್ಕದಲ್ಲಿ ಇನ್ನೊಂದು ಸಾಲು ಬರೆದು, "ಎತ್ತಿಗೆ ದಣಿವಾಗೈತಿ, ಇಲ್ಲಿಂದ ಮತ್ತ ಶುರು ಮಾಡು" ಎಂದೆ. ಒಪ್ಪಿದ.

12 ಆಗಸ್ಟ್, ಸೋಮವಾರ

ಶನಿವಾರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋಗಿದೆ. ನಿನ್ನೆಯಿಂದ ಊರಲ್ಲಿ ಬೇರೆ ಮಾತಿಲ್ಲ. ಆ ಅಣೆಕಟ್ಟಿನ ಎಲ್‌ಎಲ್‌ಸಿ, ಅಂದರೆ ಕೆಳಮಟ್ಟದ ಕಾಲುವೆಯ ನೀರನ್ನೇ ನಂಬಿದ ಹೊಲಗಳು ಇವು. ಕಟ್ಟೆಯ ಮೇಲೆ ಗಂಡಸರು ಮೊಬೈಲಿನಲ್ಲಿ ನೀರು ಧುಮುಕುವುದನ್ನು ನೋಡುತ್ತ ಮಾತಿಲ್ಲದೆ ಕೂತಿದ್ದರು.

ಮಕ್ಕಳಿಗೂ ಅದೇ ಗುಂಗು. ಲೆಕ್ಕದ ಪಾಠ ಅದರಲ್ಲೇ ಮಾಡಿದೆ. ಒಟ್ಟು ಗೇಟು 33, ಒಂದು ಹೋದರೆ 32. ಐದನೇ ತರಗತಿಯವನು ಕೇಳಿದ: "ಒಂದ ಗೇಟು ಹೋದ್ರ 32 ಅದಾವಲ್ರಿ, ಮತ್ಯಾಕ ಎಲ್ಲಾರೂ ಅಳಾಕತ್ಯಾರ?" ಹಲಗೆಯ ಮೇಲೆ ಕೊಡದ ಚಿತ್ರ ಬರೆದು ಒಂದು ತೂತು ಮಾಡಿ ತೋರಿಸಿದೆ. ಸುಮ್ಮನಾದ. ಆಮೇಲೆ ಮೆಲ್ಲಗೆ, "ಹಂಗಾರ ನಾವು ಈ ವರ್ಷ ಲಗೂನ ಸುಗ್ಗಿಗೆ ಹೋಗ್ತೀವಿ" ಅಂದ.

ಈ ಊರಲ್ಲಿ ಸುಗ್ಗಿ ಎಂದರೆ ಪರಊರಿಗೆ ಕೂಲಿಗೆ ಹೋಗುವುದು. ಗುಂಟೂರು, ಪಲ್ನಾಡು ಕಡೆಗೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಬಿಡಿಸಲು. ಕೋಸಿಗಿ, ಕೌತಾಳಂ, ಮಂತ್ರಾಲಯ, ಹೊಳಗುಂದ, ಎಲ್ಲ ಕಡೆಯೂ ಇದೇ ಕತೆ. ಕಾಳು ಮನೆಗೆ ಬರುವ ಹಬ್ಬದ ಹೆಸರು ಮನೆ ಬಿಟ್ಟು ಹೋಗುವುದಕ್ಕೆ ಹೇಗೆ ಅಂಟಿತೋ. ಹತ್ತು ವರ್ಷದ ಮಗು ಅಣೆಕಟ್ಟಿನ ಗೇಟಿನಿಂದ ಗುಂಟೂರಿನ ತನಕ ಒಂದೇ ಉಸಿರಿಗೆ ಲೆಕ್ಕ ಹಾಕಿತು. ನನ್ನ ಲೆಕ್ಕ ಅಲ್ಲಿಗೆ ಮುಟ್ಟಿರಲಿಲ್ಲ.

19 ಆಗಸ್ಟ್, ಸೋಮವಾರ

ತಾತ್ಕಾಲಿಕ ಗೇಟು ಕೂಡಿಸಿದ್ದಾರೆ. ನೀರು ಉಳಿಯಿತು. ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು.

1 ಅಕ್ಟೋಬರ್, ಮಂಗಳವಾರ

ಅಪ್ಪ ಇದ್ದಿದ್ದರೆ ಇವತ್ತು ಆ ಮಾತು ತೆಗೆಯುತ್ತಿದ್ದ. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ, ಬಳ್ಳಾರಿ ಮೈಸೂರಿಗೆ. ಅಪ್ಪ ಆಗ ಎರಡನೇ ಕ್ಲಾಸು. "ಮಲಗಿದಾಗ ಮದ್ರಾಸು, ಎದ್ದಾಗ ಕರ್ನೂಲು. ಸ್ಲೇಟು ಮಾತ್ರ ಅದೇ" ಎನ್ನುತ್ತಿದ್ದ. ಸಿಟ್ಟಿನಿಂದ ಹೇಳಿದ್ದನ್ನು ನಾನು ಕಂಡಿಲ್ಲ. ತೆಲುಗು ಪೇಪರನ್ನೂ ಕನ್ನಡ ಪೇಪರನ್ನೂ ಒಂದೇ ಪ್ರೀತಿಯಿಂದ ಓದಿದವನು. ಆದರೆ ನನ್ನನ್ನು ಕನ್ನಡ ಶಾಲೆಗೇ ಸೇರಿಸಿದ.

ಆಂಧ್ರದಲ್ಲಿ ಕನ್ನಡ ಮಾಧ್ಯಮ ಅಲ್ಪಸಂಖ್ಯಾತ ಭಾಷೆಯ ಮಾಧ್ಯಮ. ಆದವಾನಿ, ಆಲೂರು ಕಡೆ ಇದೆ, ಅನಂತಪುರದ ಕಡೆ ರಾಯದುರ್ಗ, ಮಡಕಶಿರಾದಲ್ಲಿದೆ. ತಾಯಂದಿರು ನನ್ನನ್ನು ಕೇಳುತ್ತಾರೆ: ಕನ್ನಡ ಓದಿ ಈ ರಾಜ್ಯದಲ್ಲಿ ಏನು ಮಾಡ್ಲಿ ಟೀಚರಮ್ಮ? ನ್ಯಾಯವಾದ ಪ್ರಶ್ನೆ. ಮನೆಯಲ್ಲಿ ಆಡುವ ಮಾತಿನಲ್ಲಿ ಓದು ಕಲಿತ ಮಗು ಎರಡನೇ ಲಿಪಿಯನ್ನು ಬೇಗ ಹಿಡಿಯುತ್ತದೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದು ಹೇಳುತ್ತೇನೆ. ಕೆಲವರು ಒಪ್ಪುತ್ತಾರೆ. ಕೆಲವರು ಮಗುವನ್ನು ಪಟ್ಟಣದ ಇಂಗ್ಲಿಷ್ ಶಾಲೆಯ ವ್ಯಾನಿಗೆ ಹತ್ತಿಸುತ್ತಾರೆ. ಅವರನ್ನು ಬೈಯಲು ನನಗೆ ಮನಸ್ಸು ಬಾರದು.

1 ನವೆಂಬರ್, ಶುಕ್ರವಾರ

ದೀಪಾವಳಿಯ ಮತ್ತಿನಲ್ಲಿ ಮಕ್ಕಳು ಕಡಿಮೆ. 1956ರಲ್ಲಿ ಇದೇ ದಿನ ಆಂಧ್ರಪ್ರದೇಶವೂ, ಇವತ್ತಿನ ಕರ್ನಾಟಕವಾದ ವಿಶಾಲ ಮೈಸೂರೂ ಹುಟ್ಟಿದವು ಎಂದು ಹೇಳಿದೆ. "ಜವಳಿ ಮಕ್ಕಳೇನ್ರಿ ಹಂಗಾರ?" ಎಂದಳು ರುಮಾಲಿನ ಹುಡುಗಿ.

18 ನವೆಂಬರ್, ಸೋಮವಾರ

ನಸುಕಿನಲ್ಲೇ ಕಟ್ಟೆಯ ಹತ್ತಿರ ಎರಡು ಲಾರಿ ನಿಂತಿದ್ದವು. ಆದವಾನಿಯಿಂದ ಮೊದಲ ಬಸ್ಸಿಗೆ ಬಂದಿದ್ದಕ್ಕೆ ಕಣ್ಣಿಗೆ ಬಿತ್ತು. ದಾರಿಯುದ್ದಕ್ಕೂ ಮಾರ್ಕೆಟ್ಟಿಗೆ ಹೋಗುವ ಹತ್ತಿಯ ಗಾಡಿಗಳು ಎದುರಾಗಿದ್ದವು. ಆ ಹತ್ತಿ ಊರ ದೊಡ್ಡ ಹೊಲಗಳದ್ದು. ಲಾರಿ ಹತ್ತುತ್ತಿದ್ದವರು ಎರಡೆಕರೆ, ಮೂರೆಕರೆಯವರು, ಹೊಲವೇ ಇಲ್ಲದವರು. ಮೇಸ್ತ್ರಿಯ ಹತ್ತಿರ ಮುಂಗಡ ತೆಗೆದುಕೊಂಡಾಗಿದೆ, ಇನ್ನು ನಿಲ್ಲುವ ಹಾಗಿಲ್ಲ.

ಜೋಳದ ಹಿಟ್ಟಿನ ಚೀಲ, ಹಂಚು, ಕೊಡ, ಹಾಸಿಗೆಯ ಗಂಟು, ಕಟ್ಟಿದ ಕೋಳಿ. ಗಂಟುಗಳ ಮೇಲೆ ನನ್ನ ಮಕ್ಕಳು. ಯುನಿಫಾರ್ಮಿನಲ್ಲೇ ಕೂತಿದ್ದರು, ಅದೇ ಅವರ ಗಟ್ಟಿ ಬಟ್ಟೆ. ನನ್ನನ್ನು ಕಂಡು ಗುಡ್ ಮಾರ್ನಿಂಗ್ ಟೀಚರ್ ಎಂದು ಲಾರಿಯ ಮೇಲಿಂದಲೇ ಒಟ್ಟಿಗೆ ಕೂಗಿದರು. ಗಂಟಲು ಕಟ್ಟಿತು.

ಒಂದು ವಾರದಿಂದ ಮನೆಮನೆ ತಿರುಗಿದ್ದೆವು. ಅಜ್ಜಿ ಇರುವ ಮನೆಯಲ್ಲಿ ಮಗುವನ್ನು ಬಿಟ್ಟುಹೋಗಿ ಎಂದು ಕೇಳಿದ್ದೆವು. ಹೋದವರ ಮಕ್ಕಳಿಗೆ ಶಾಲೆಯಲ್ಲೇ ಊಟ, ವಸತಿ ಕೊಡುವ ಸೀಸನಲ್ ಹಾಸ್ಟೆಲ್ ನಮ್ಮೂರಿಗೆ ಇನ್ನೂ ಬಂದಿಲ್ಲ. ಕೇಳಿ ಬರೆದಿದ್ದೇವೆ. ಏಳು ಮಕ್ಕಳನ್ನು ಅಜ್ಜಿಯರ ಹತ್ತಿರ ಉಳಿಸಿಕೊಂಡೆವು. ಹತ್ತೊಂಬತ್ತು ಹೋದವು. ರುಮಾಲಿನ ಹುಡುಗಿಯ ಅಜ್ಜಿ ಗಟ್ಟಿ ಇದ್ದಾಳೆ. ಆದರೆ ಎರಡು ವರ್ಷದ ತಮ್ಮನನ್ನು ಹೊಲದ ಬದುವಿನಲ್ಲಿ ನೋಡಿಕೊಳ್ಳಲು ಯಾರಾದರೂ ಬೇಕಲ್ಲ. ತಾಯಿ ನನ್ನ ಮುಖ ನೋಡಲಾರದೆ ನೆಲ ನೋಡುತ್ತ ಹೇಳಿದಳು: "ಇಕಿ ಇಲ್ಲಂದ್ರ ನನ್ನ ಕೈ ನಡಿಯಂಗಿಲ್ಲ ಟೀಚರಮ್ಮ." ಆ ತಾಯಿಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಇವತ್ತೂ ಇಲ್ಲ.

ಬೀರುವಿನಿಂದ ನೂರು ಪುಟದ ನೋಟ್‌ಬುಕ್ಕು, ಪೆನ್ನು ತಂದು ಮೂರು, ನಾಲ್ಕು, ಐದನೇ ತರಗತಿಯವರಿಗೆಲ್ಲ ಕೊಟ್ಟೆ. ದಿನಕ್ಕೆ ಒಂದೇ ಸಾಲು ಬರೀರಿ, ಏನಾದ್ರೂ ಸರಿ, ಮೇಲೆ ತಾರೀಖು ಹಾಕ್ರಿ ಎಂದೆ. ರುಮಾಲಿನ ಹುಡುಗಿ ನೋಟ್‌ಬುಕ್ಕನ್ನು ಹಿಟ್ಟಿನ ಚೀಲದೊಳಗೆ ತುರುಕಿದಳು, ಅಲ್ಲಿ ಒದ್ದೆಯಾಗುವುದಿಲ್ಲ ಎಂದು. ಲಾರಿ ಹೋದ ಮೇಲೆ ಹೆಡ್ಮಾಸ್ಟರ್ ಸಾರ್ ಬಹಳ ಹೊತ್ತು ಗೇಟಿನ ಹತ್ತಿರವೇ ನಿಂತಿದ್ದರು.

ಇವತ್ತು ಚಿಕ್ಕಿ ಕೊಡುವ ದಿನ. ಹತ್ತೊಂಬತ್ತು ಚಿಕ್ಕಿ ಉಳಿದವು. ಅಡುಗೆಯ ಅಕ್ಕ ಎಣಿಸಿ, ಮತ್ತೊಮ್ಮೆ ಎಣಿಸಿ, ಡಬ್ಬಿಯ ಮುಚ್ಚಳ ಹಾಕಿದಳು.

7 ಡಿಸೆಂಬರ್, ಶನಿವಾರ

ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಲ್ಲೂ ಇವತ್ತು ಒಟ್ಟಿಗೆ ಪೋಷಕರ ಸಭೆ. ತಾಯಂದಿರಿಗೆ ರಂಗೋಲಿ, ತಂದೆಯರಿಗೆ ಹಗ್ಗ ಜಗ್ಗಾಟ ಎಂದು ಸೂಚನೆ ಬಂದಿತ್ತು. ನಮ್ಮಲ್ಲಿ ತಂದೆಯರೆಲ್ಲಿ? ಅಜ್ಜಿಯರು ಬಂದರು. ಹಗ್ಗವನ್ನು ಅವರೇ ಹಿಡಿದರು. ಒಂದು ಕಡೆ ಬಡಿಗೇರ ಓಣಿ, ಒಂದು ಕಡೆ ಕೆಳಗಿನ ಓಣಿ. ಸೀರೆಯ ಕಚ್ಚೆ ಬಿಗಿದು ಅವರು ಜಗ್ಗಿದ ಪರಿ! ಕೆಳಗಿನ ಓಣಿಯವರು ಗೆದ್ದರು. ಮಕ್ಕಳ ಕೂಗು ಕಟ್ಟೆಯ ತನಕ ಕೇಳಿತಂತೆ.

ಪ್ರಗತಿ ಕಾರ್ಡು ಕೊಡುವಾಗ ರುಮಾಲಿನ ಹುಡುಗಿಯ ಅಜ್ಜಿಯೂ ಸಾಲಿನಲ್ಲಿದ್ದಳು. ಮೊಮ್ಮಗಳು ಊರಲ್ಲಿಲ್ಲವಲ್ಲ ಎಂದು ಯಾರೋ ಅಂದರು. "ಇಲ್ಲಂದ್ರೇನಾತು, ಆಕಿ ಈ ಸಾಲಿಯಾಕಿನ ಹೌದಲ್ಲ? ಕಾರ್ಡು ಕೊಡ್ರಿ" ಎಂದಳು. ಓದುವುದರಲ್ಲಿ ಬಹಳ ಮುಂದು ಎಂದು ನಾನು ಬರೆದದ್ದನ್ನು ಎರಡು ಸಲ ಓದಿಸಿಕೊಂಡಳು. ಹೆಬ್ಬೆಟ್ಟು ಒತ್ತಿ, ಕಾರ್ಡನ್ನು ನಾಲ್ಕು ಮಡಿಕೆ ಮಾಡಿ, ಎಲೆಅಡಿಕೆಯ ಚೀಲದಲ್ಲಿ ಇಟ್ಟುಕೊಂಡಳು.

27 ಜನವರಿ 2025, ಸೋಮವಾರ

ರಾತ್ರಿ ಎಂಟಕ್ಕೆ ಫೋನು. ರುಮಾಲಿನ ಹುಡುಗಿ. ಮೇಸ್ತ್ರಿಯ ಮೊಬೈಲಿನಿಂದ ಮಾಡಿದ್ದಾಳೆ. "ಟೀಚರ್, ಕಾರ ಅಂದ್ರ ಖಾರಕ್ಕ ದೊಡ್ಡ ಖ ಬರೀಬೇಕೋ ಸಣ್ಣ ಕ ಬರೀಬೇಕೋ?" ದೊಡ್ಡದು ಎಂದೆ. "ಆತ್ರಿ" ಎಂದು ಇಟ್ಟಳು. ಹೇಗಿದ್ದೀಯ ಎಂದು ಕೇಳುವಷ್ಟರಲ್ಲೇ.

ರಾತ್ರಿಯೆಲ್ಲ ಮನಸ್ಸು ಹಗುರವಾಗಿತ್ತು.

2 ಏಪ್ರಿಲ್, ಬುಧವಾರ

ಭಾನುವಾರ ಯುಗಾದಿ, ಸೋಮವಾರ ರಂಜಾನ್. ಎರಡು ಹಬ್ಬ ಬೆನ್ನಿಗೆ ಬೆನ್ನು ತಾಗಿ ಬಂದದ್ದಕ್ಕೆ ಸುಗ್ಗಿಗೆ ಹೋದವರು ಒಮ್ಮೆಲೇ ಮರಳಿದ್ದಾರೆ. ಒಪ್ಪತ್ತಿನ ಶಾಲೆ. ಬೆಳಿಗ್ಗೆ ಏಳೂವರೆಗೇ ಹದಿನೇಳು ಮಕ್ಕಳು ವರಾಂಡದಲ್ಲಿ. ಕಪ್ಪಾಗಿದ್ದಾರೆ, ಉದ್ದವಾಗಿದ್ದಾರೆ. ಯುನಿಫಾರ್ಮಿನ ತೋಳು ಮೇಲೇರಿದೆ. ಇನ್ನೆರಡು ಮನೆಯವರು ಅಲ್ಲೇ ಉಳಿದರಂತೆ, ನಾಳೆ ವಿಚಾರಿಸಬೇಕು.

ನೋಟ್‌ಬುಕ್ಕು ತಂದವರು ಆರು ಮಂದಿ. ಒಬ್ಬನದು ಇಲಿ ತಿಂದಿದೆ. ಒಬ್ಬಳದು ಬರೀ ಮನೆಯ ಚಿತ್ರ, ಪ್ರತಿ ಪುಟಕ್ಕೂ ಒಂದೇ ಮನೆ. ರುಮಾಲಿನ ಹುಡುಗಿಯ ಪುಸ್ತಕ ತೆರೆದರೆ ಮೊದಲು ಘಾಟು ಬಂತು, ಸೀನು ಬಂತು. ಅಂಚಿಗೆಲ್ಲ ಕೆಂಪು ಬೆರಳಿನ ಗುರುತು. ಮಧ್ಯದಲ್ಲಿ ಹಿಟ್ಟು. ಮನೆಗೆ ತಂದು ದೀಪದ ಕೆಳಗೆ ಪೂರ್ತಿ ಓದಿದೆ.

ನವೆಂಬರ್ 21: ಅವ್ವ 38 ಕೆಜಿ ಹತ್ತಿ ಬಿಡಿಸಿದಳು.
ನವೆಂಬರ್ 29: ತಮ್ಮ ಇರುವೆ ತಿಂದ.
ಡಿಸೆಂಬರ್ 13: ಇಲ್ಲಿ ಸಾಲಿ ಐತಿ. ತೆಲುಗು ಸಾಲಿ. ತಮ್ಮನ್ನ ಎತ್ಕೊಂಡು ಕಿಡಕಿ ಹತ್ರ ನಿಂತೆ.
ಡಿಸೆಂಬರ್ 14: ಮತ್ತ ನಿಂತೆ.
ಜನವರಿ 28: ಅವ್ವನ ಕೈ ಖಾರ ಉರಿತೈತಿ. ಎಣ್ಣಿ ಹಚ್ಚಿದೆ.
ಫೆಬ್ರವರಿ 9: ಕಿಡಕಿ ಒಳಗಿನ ಹುಡುಗಿ ನನ್ನ ಹೆಸರು ತೆಲುಗಿನ್ಯಾಗ ಬರದು ಕೊಟ್ಟಳು.

ಜನವರಿ 28ರ ಸಾಲಿನಲ್ಲಿ ಖ ದೊಡ್ಡದೇ ಇದೆ.

ಎರಡನೇ ಸಲ ಓದುವಾಗ ಇನ್ನೊಂದು ಕಂಡಿತು. ನವೆಂಬರಿನ ಅಕ್ಷರಗಳ ನೆತ್ತಿಯ ಮೇಲೆ ರುಮಾಲು ಬಿಗಿಯಾಗಿ ಕೂತಿದೆ. ಫೆಬ್ರವರಿಯ ನಡುವಿಗೆ ಬಂದರೆ ಒಂದೊಂದು ಅಕ್ಷರದ ಗೆರೆ ಮೇಲಕ್ಕೆ ಏಳುತ್ತಿದೆ. ಮಾರ್ಚಿನ ಹೊತ್ತಿಗೆ ಒಂದೇ ಪದದಲ್ಲಿ ಒಂದಕ್ಕೆ ರುಮಾಲು, ಒಂದಕ್ಕೆ ಜುಟ್ಟು. ಕಿಟಕಿಯ ಹೊರಗೆ ನಿಂತು, ಕಂಕುಳಲ್ಲಿ ತಮ್ಮನನ್ನು ಹೊತ್ತು, ಈ ಮಗು ಎರಡನೇ ಲಿಪಿಯನ್ನು ಯಾರೂ ಕಲಿಸದೆ ಕಲಿತಿದೆ. ನನ್ನ ಹಾಜರಿ ಪುಸ್ತಕದಲ್ಲಿ ನವೆಂಬರ್ 18ರಿಂದ ಇವಳ ಹೆಸರಿನ ಮುಂದೆ ಗೈರು ಎಂದೇ ಇದೆ. ಆ ದಿನಗಳಲ್ಲಿ ಇವಳು ಬರೆದ ಸಾಲು 84.

ಕೆಂಪು ಪೆನ್ನು ಕೈಯಲ್ಲಿತ್ತು. ಮುಚ್ಚಿಟ್ಟೆ.

ಮಾರ್ಚ್ 16ರ ಮೇಲೆ ಪುಟಗಳು ಖಾಲಿ.

3 ಏಪ್ರಿಲ್, ಗುರುವಾರ

ಹದಿನಾರರ ಮೇಲೆ ಯಾಕೆ ಬರೀಲಿಲ್ಲವ್ವಾ ಎಂದು ಕೇಳಿದೆ. "ಪೆನ್ನು ಮುಗೀತ್ರಿ" ಎಂದಳು. ಆಮೇಲೆ ನೋಟ್‌ಬುಕ್ಕಿನ ಕಡೆ ನೋಡಿ, "ಜುಟ್ಟು ಬಿಟ್ಟಿದ್ದು ತಪ್ಪಾತೇನ್ರಿ?" ಎಂದಳು. ಅವಳಿಗೂ ಗೊತ್ತಿದೆ ಹಾಗಾದರೆ.

ತಪ್ಪಿಲ್ಲ, ಯಾವುದು ಯಾರ ತಲೆಗೆ ಅಂತ ಬೇರೆ ಮಾಡಿ ತೋರಿಸು ಎಂದೆ. ಹಲಗೆಯ ಎಡಕ್ಕೆ ಒಂದು, ಬಲಕ್ಕೆ ಒಂದು, ತನ್ನ ಹೆಸರನ್ನು ಎರಡು ಲಿಪಿಯಲ್ಲಿ ಬರೆದಳು. ಕೈ ತಡೆಯಲಿಲ್ಲ. ಒಂದನೇ ತರಗತಿಯ ಎತ್ತಿನ ಹುಡುಗ ಎರಡನ್ನೂ ಸ್ಲೇಟಿಗೆ ಇಳಿಸಿಕೊಂಡ, ಈಗ ಎಡದಿಂದ ಬಲಕ್ಕೇ.

ಹನ್ನೆರಡೂವರೆಗೆ ಅಜ್ಜಿ ಬಂದಳು. ಎಲೆಅಡಿಕೆಯ ಚೀಲದಿಂದ ಡಿಸೆಂಬರಿನ ಕಾರ್ಡು ತೆಗೆದು ಮಡಿಕೆ ಬಿಡಿಸಿ ಮೊಮ್ಮಗಳ ಕೈಗೆ ಕೊಟ್ಟಳು. "ಟೀಚರಮ್ಮ ಏನ್ ಬರದಾಳ, ನೀನ ಓದು." ಸುಣ್ಣದ ಕಲೆಯ ಕೆಳಗಿನದನ್ನು ಹುಡುಗಿ ನಿಧಾನವಾಗಿ, ಸ್ಪಷ್ಟವಾಗಿ ಓದಿದಳು.

ಹೋಗುವಾಗ ಬಾಗಿಲ ಹತ್ತಿರ ನಿಂತು ಇನ್ನೊಂದು ನೋಟ್‌ಬುಕ್ಕು ಕೇಳಿದಳು. ಚಿಕ್ಕಪ್ಪನ ಮಗಳು ಜೂನಿಗೆ ಒಂದನೇ ತರಗತಿಗೆ ಸೇರುತ್ತಾಳಂತೆ, ಈಗಿನಿಂದಲೇ ಬರೆಸಬೇಕಂತೆ. ಬೀರುವಿನಲ್ಲಿ ಎರಡು ಉಳಿದಿದ್ದವು. ಎರಡು ಪೆನ್ನು ಸೇರಿಸಿ ಕೊಟ್ಟೆ.